26 ಗಂಟೆ ಬಿದ್ದಿದ್ದ ರೋಜರ್ಸ್ ನೆಟ್‌ವರ್ಕ್: ದುರಸ್ತಿಗೆ ಬೇರೆಯೇ ದಾರಿ ಇರಬೇಕಿತ್ತು

2022ರ ಜುಲೈ 8, ಶುಕ್ರವಾರ, ಬೆಳಗಿನ ಜಾವ 4 ಗಂಟೆ 43 ನಿಮಿಷ. ಕೆನಡಾದ ರೋಜರ್ಸ್ ಟೆಲಿಕಾಂ ಕಂಪನಿಯ ಸಿಬ್ಬಂದಿ ತಮ್ಮ ಡಿಸ್ಟ್ರಿಬ್ಯೂಷನ್ ರೂಟರ್‌ಗಳಲ್ಲಿ (ಡೇಟಾಗೆ ದಾರಿ ತೋರಿಸುವ ಪೆಟ್ಟಿಗೆಗಳಲ್ಲಿ) ಒಂದು ಬದಲಾವಣೆ ಮಾಡಿದರು. 4.45ಕ್ಕೆ ಕೋರ್ ನೆಟ್‌ವರ್ಕ್, ಅಂದರೆ ಇಡೀ ಜಾಲದ ನಡುಭಾಗ, ಕುಸಿಯಲು ಶುರುವಾಯಿತು. ಮೊಬೈಲ್, ಮನೆಯ ಇಂಟರ್ನೆಟ್, ಲ್ಯಾಂಡ್‌ಲೈನ್, ಟಿವಿ ಎಲ್ಲವೂ ನಿಂತವು. ತೊಂದರೆಗೆ ಸಿಕ್ಕ ಗ್ರಾಹಕರು 1 ಕೋಟಿ 20 ಲಕ್ಷಕ್ಕೂ ಜಾಸ್ತಿ. ಸೇವೆ ವಾಪಸ್ ಬರಲು ಸುಮಾರು 26 ಗಂಟೆ ಹಿಡಿಯಿತು.

ರೋಜರ್ಸ್ ಗ್ರಾಹಕರಲ್ಲದವರಿಗೂ ಬಿಸಿ ತಟ್ಟಿತು. ದೇಶದ ಡೆಬಿಟ್ ಪಾವತಿ ನಡೆಸುವ ಇಂಟರಾಕ್ ಜಾಲವೇ ನಿಂತುಹೋಗಿ, ಅಂಗಡಿಗಳಲ್ಲಿ ಕ್ಯಾಶ್ ಇದ್ದವರಿಗೆ ಮಾತ್ರ ಸಾಮಾನು ಸಿಕ್ಕಿತು. ಟೊರಾಂಟೊದ ರೋಜರ್ಸ್ ಸೆಂಟರ್‌ನಲ್ಲಿ ಆ ರಾತ್ರಿ ನಡೆಯಬೇಕಿದ್ದ ದಿ ವೀಕೆಂಡ್ ಸಂಗೀತ ಕಾರ್ಯಕ್ರಮ ಮುಂದಕ್ಕೆ ಹೋಯಿತು. ತುರ್ತು ಸಂಖ್ಯೆ 911ಕ್ಕೆ ಕರೆ ಹೋಗದೆ ಜನ ಪರದಾಡಿದರು. ಮಿಸಿಸಾಗಾ, ಬ್ರಾಂಪ್ಟನ್ ಕಡೆ ಇರುವ ನಮ್ಮವರಲ್ಲೂ ಆ ಶುಕ್ರವಾರ ನೆನಪಿರುವವರು ಇದ್ದೇ ಇರುತ್ತಾರೆ.

ನೆಟ್‌ವರ್ಕ್ ಬೀಳುವುದು ಹೊಸದೇನಲ್ಲ. ಎಷ್ಟೇ ಹುಷಾರಾಗಿದ್ದರೂ ಒಂದಲ್ಲ ಒಂದು ದಿನ ಬೀಳುತ್ತದೆ. ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಬೇರೆ ಒಂದು ಸಂಖ್ಯೆ: 14 ಗಂಟೆ. ಏನು ಕೆಟ್ಟಿದೆ ಎಂದು ಗೊತ್ತಾಗಲಿಕ್ಕೇ ರೋಜರ್ಸ್ ಎಂಜಿನಿಯರ್‌ಗಳಿಗೆ ಅಷ್ಟು ಹೊತ್ತು ಬೇಕಾಯಿತು. ಅವರೇನು ದಡ್ಡರಲ್ಲ. ರೂಟರ್ ಒಳಗಿನ ಎರರ್ ಲಾಗ್ (ತಪ್ಪುಗಳ ದಾಖಲೆ) ನೋಡಲು ಅವರಿಗೆ ದಾರಿಯೇ ಇರಲಿಲ್ಲ. ಆ ದಾರಿ ಹೇಗಿರಬೇಕಿತ್ತು, ಭೂಮಿಗೆ ಹತ್ತಿರದಲ್ಲೇ ಸುತ್ತುವ ಕೆಳಕಕ್ಷೆಯ ಉಪಗ್ರಹಗಳು ಅದನ್ನು ಕೊಡಬಲ್ಲವೇ, ಕೊಟ್ಟರೂ ಎಲ್ಲಿ ಕೈಕೊಡಬಹುದು ಎಂದು ಈ ಒಂದು ಪ್ರಕರಣ ಇಟ್ಟುಕೊಂಡು ನೋಡೋಣ.

ಆ ಎರಡು ನಿಮಿಷ

ರೋಜರ್ಸ್ ತನ್ನ ಕೋರ್ ನೆಟ್‌ವರ್ಕನ್ನು ಏಳು ಹಂತಗಳಲ್ಲಿ ಅಪ್‌ಗ್ರೇಡ್ ಮಾಡುತ್ತಿತ್ತು. ಕೆಲಸ ಕೆಲವು ವಾರ ಮೊದಲೇ ಶುರುವಾಗಿತ್ತು. ಐದು ಹಂತ ಸುಗಮವಾಗಿ ಮುಗಿದಿದ್ದವು. ಆ ದಿನದ್ದು ಆರನೆಯದು. ಅದರಲ್ಲಿ ಡಿಸ್ಟ್ರಿಬ್ಯೂಷನ್ ರೂಟರ್‌ನ ಕಾನ್ಫಿಗರೇಷನ್‌ನಿಂದ ಒಂದು ಫಿಲ್ಟರ್ ತೆಗೆದುಹಾಕಿದರು. ಯಾವ ರೂಟ್‌ಗಳು (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಮಾಹಿತಿ) ಕೋರ್ ಕಡೆಗೆ ಹೋಗಬಹುದು, ಯಾವುದು ಹೋಗಬಾರದು ಎಂದು ತಡೆಯುತ್ತಿದ್ದ ಫಿಲ್ಟರ್ ಅದು.

ಅದು ಹೋದದ್ದೇ ತಡ, ಇಂಟರ್ನೆಟ್‌ನ ರೂಟ್‌ಗಳೆಲ್ಲ ಕೋರ್ ರೂಟರ್‌ಗಳ ಮೇಲೆ ನುಗ್ಗಿದವು. 2022ರ ಹೊತ್ತಿಗೆ ಇಂಟರ್ನೆಟ್‌ನ ಪೂರ್ತಿ ರೂಟಿಂಗ್ ಟೇಬಲ್‌ನಲ್ಲಿ 9 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಇಂತಿಷ್ಟಕ್ಕಿಂತ ಜಾಸ್ತಿ ಬಂದರೆ ತೆಗೆದುಕೊಳ್ಳಬೇಡ ಎಂಬ ಮಿತಿಯನ್ನು ಆ ಕೋರ್ ರೂಟರ್‌ಗಳಿಗೆ ಹಾಕಿರಲಿಲ್ಲ. ಮೆಮೊರಿ, ಪ್ರೊಸೆಸರ್ ಎರಡೂ ತುಂಬಿ ನಿಮಿಷಗಳಲ್ಲೇ ಅವು ಕುಸಿದವು. ಮೊಬೈಲ್‌ಗೂ ಮನೆಯ ಲೈನ್‌ಗೂ ಕೋರ್ ಒಂದೇ ಆಗಿದ್ದರಿಂದ ಎರಡೂ ಒಟ್ಟಿಗೆ ಹೋದವು.

ಕೆನಡಾದ ಟೆಲಿಕಾಂ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ ಇದರ ಬಗ್ಗೆ ಜೋನಾ ಪಾರ್ಟ್ನರ್ಸ್ ಎಂಬ ಸಲಹಾ ಸಂಸ್ಥೆಯಿಂದ ವರದಿ ಮಾಡಿಸಿತು. ಅದರ ಸಾರಾಂಶ 2024ರಲ್ಲಿ ಹೊರಬಂತು. ಅದರಲ್ಲಿ ಒಂದು ಸಣ್ಣ ವಿವರವಿದೆ. ಅಪ್‌ಗ್ರೇಡ್ ಶುರುವಾದಾಗ ಕಂಪನಿಯೇ ಅದಕ್ಕೆ ‘ಹೆಚ್ಚು ಅಪಾಯ’ ಎಂಬ ದರ್ಜೆ ಕೊಟ್ಟಿತ್ತು. ಮೊದಲ ಹಂತಗಳು ಸಲೀಸಾಗಿ ಆದದ್ದು ನೋಡಿ, ಅಪಾಯ ಲೆಕ್ಕ ಹಾಕುವ ಸಾಫ್ಟ್‌ವೇರ್ ಆರನೇ ಹಂತದ ದರ್ಜೆಯನ್ನು ‘ಕಡಿಮೆ’ಗೆ ಇಳಿಸಿತು. ದರ್ಜೆ ಇಳಿದ ಮೇಲೆ ಬಿಗಿ ತಪಾಸಣೆಯೂ ಇಳಿಯಿತು. ನೆಟ್‌ವರ್ಕ್ ಕೆಲಸ ಮಾಡುವ ಯಾರಿಗಾದರೂ ಇದು ಓದಿದರೆ ಎದೆ ಝಲ್ ಅನ್ನುತ್ತದೆ. ಐದು ಸಲ ಸರಿಹೋದದ್ದು ಆರನೇ ಸಲಕ್ಕೆ ಗ್ಯಾರಂಟಿ ಅಲ್ಲ, ಅಲ್ವಾ?

ಎತ್ತಲು ಹೋದದ್ದೂ ಒಳಗೇ ಬಿದ್ದಿತ್ತು

ದೊಡ್ಡ ನೆಟ್‌ವರ್ಕ್‌ನಲ್ಲಿ ಸಾವಿರಾರು ಪೆಟ್ಟಿಗೆಗಳಿರುತ್ತವೆ. ಅವುಗಳ ಹತ್ತಿರ ಮನುಷ್ಯರು ಕೂತಿರುವುದಿಲ್ಲ. ಎಲ್ಲೋ ಒಂದು ಕಡೆ ನಾಕ್, ಅಂದರೆ ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್ ಇರುತ್ತದೆ. ಅಲ್ಲಿಂದಲೇ ಎಲ್ಲವನ್ನೂ ನೋಡುತ್ತಾರೆ, ಸರಿಮಾಡುತ್ತಾರೆ. ಈ ನೋಡುವ, ಸರಿಮಾಡುವ ಕೆಲಸಕ್ಕೆ ಬಳಸುವುದನ್ನು ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಅನ್ನುತ್ತಾರೆ. ಗ್ರಾಹಕರ ಡೇಟಾ ಹೋಗುವ ದಾರಿಯಲ್ಲೇ ಅದೂ ಹೋದರೆ ಇನ್-ಬ್ಯಾಂಡ್. ಬೇರೆ ದಾರಿಯಲ್ಲಿ ಹೋದರೆ ಔಟ್-ಆಫ್-ಬ್ಯಾಂಡ್.

ರೋಜರ್ಸ್‌ನ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಕೂಡ ಅದೇ ಕೋರ್ ಮೇಲೆ ನಿಂತಿತ್ತು. ಕೋರ್ ಬಿದ್ದಾಗ ಅದೂ ಬಿತ್ತು. ಬಾವಿಗೆ ಬಿದ್ದ ಕೊಡ ಎತ್ತಬೇಕು ಅನ್ನುವಾಗ, ಪಾತಾಳಗರಡಿಯೂ ಅದೇ ಬಾವಿಯ ತಳದಲ್ಲಿ ಬಿದ್ದಿದೆ ಎಂದು ಗೊತ್ತಾದ ಹಾಗೆ. ದೂರದಿಂದ ಲಾಗಿನ್ ಆಗಲು ಯಾರಿಗೂ ಆಗಲಿಲ್ಲ. ಲಾಗ್ ಇಲ್ಲ, ಹಾಗಾಗಿ ಕಾರಣವೂ ಗೊತ್ತಿಲ್ಲ. ಎಂಜಿನಿಯರ್‌ಗಳು ಸೈಟ್‌ಗಳಿಗೇ ಓಡಬೇಕಾಯಿತು.

ಓಡುವುದಕ್ಕೂ ಮೊದಲು ಒಬ್ಬರಿಗೊಬ್ಬರು ಮಾತಾಡಬೇಕಲ್ಲ. ಸಿಬ್ಬಂದಿಯ ಕೈಯಲ್ಲಿದ್ದದ್ದು ರೋಜರ್ಸ್ ಫೋನ್, ಮನೆಯಲ್ಲಿದ್ದದ್ದು ರೋಜರ್ಸ್ ಇಂಟರ್ನೆಟ್. ಎರಡೂ ಸತ್ತಿದ್ದವು. ಮೊದಲ ಕೆಲವು ಗಂಟೆ ತಂಡದವರೇ ಸರಿಯಾಗಿ ಸಂಪರ್ಕಕ್ಕೆ ಸಿಗಲಿಲ್ಲ. ಕೊನೆಗೆ ಬೇರೆ ಕಂಪನಿಗಳ ಸಿಮ್ ಕಾರ್ಡ್‌ಗಳನ್ನು ದೂರದ ಸೈಟ್‌ಗಳಿಗೆ ಕಳಿಸಿ ಸಿಬ್ಬಂದಿ ಮಾತಾಡುವಂತೆ ಮಾಡಬೇಕಾಯಿತು. ಕೋಟಿಗಟ್ಟಲೆ ಜನರನ್ನು ಮಾತಾಡಿಸುವ ಕಂಪನಿಯ ತಂಡಕ್ಕೆ ಆ ಹೊತ್ತಿನಲ್ಲಿ ತುರ್ತಾಗಿ ಬೇಕಾದದ್ದು ಎದುರಾಳಿ ಕಂಪನಿಯ ಸಿಮ್.

ಎದುರಾಳಿ ಕಂಪನಿಗಳಾದ ಬೆಲ್ ಮತ್ತು ಟೆಲಸ್ ಸಹಾಯ ಮಾಡಲು ಮುಂದೆ ಬಂದವು. ಆದರೆ ಗ್ರಾಹಕರನ್ನು ಅವರ ನೆಟ್‌ವರ್ಕ್‌ಗೆ ದಾಟಿಸಬೇಕಾದರೆ ಮೊದಲು ರೋಜರ್ಸ್‌ನ ಗ್ರಾಹಕರ ಡೇಟಾಬೇಸ್ ಕೈಗೆ ಸಿಗಬೇಕು. ಅದೂ ಬಿದ್ದ ಕೋರ್‌ನ ಆಚೆಗಿತ್ತು.

911ರದ್ದು ಇನ್ನೂ ನೋವಿನ ಕಥೆ. ಕೋರ್ ಬಿದ್ದರೂ ಟವರ್‌ಗಳ ರೇಡಿಯೊ ಆನ್ ಆಗಿಯೇ ಇತ್ತು. ಫೋನಿಗೆ ಸಿಗ್ನಲ್ ಕಾಣುತ್ತಿತ್ತು. ತನ್ನದೇ ಟವರ್ ಸಿಕ್ಕಿದೆ ಎಂದು ಫೋನ್ ಅದಕ್ಕೇ ಅಂಟಿಕೊಂಡು ಕೂತಿತು. ಟವರ್ ಪೂರ್ತಿ ಆಫ್ ಆಗಿದ್ದರೆ ಫೋನ್ ತುರ್ತು ಕರೆಗೆ ತಾನೇ ಬೆಲ್ ಅಥವಾ ಟೆಲಸ್ ಟವರ್ ಹುಡುಕಿಕೊಳ್ಳುತ್ತಿತ್ತು. ಅಂದರೆ ಆ ಬೆಳಿಗ್ಗೆ ಮಾಡಬಹುದಾಗಿದ್ದ ಒಳ್ಳೆಯ ಕೆಲಸಗಳಲ್ಲಿ ಒಂದು, ತಮ್ಮ ಟವರ್‌ಗಳ ರೇಡಿಯೊವನ್ನು ತಾವೇ ಆಫ್ ಮಾಡುವುದು. ಆಫ್ ಮಾಡಬೇಕೋ ಬೇಡವೋ ಎಂಬ ತೀರ್ಮಾನ ಸುಲಭದ್ದಲ್ಲ, ನಿಜ. ಆದರೆ ಆ ಆಯ್ಕೆ ಕೈಯಲ್ಲಿರಬೇಕಾದರೂ ಟವರ್‌ಗಳ ತನಕ ಒಂದು ಬೇರೆ ದಾರಿ ಬೇಕು.

ಇಂಥದ್ದು ರೋಜರ್ಸ್‌ಗೆ ಮಾತ್ರ ಆಗಿದ್ದಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಬಿದ್ದಾಗ ಅವರ ಔಟ್-ಆಫ್-ಬ್ಯಾಂಡ್ ಜಾಲವೂ ಕೆಲಸ ಮಾಡಲಿಲ್ಲ. ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಬೇಕಾಯಿತು. 2023ರ ನವೆಂಬರ್ 8ರಂದು ಆಸ್ಟ್ರೇಲಿಯಾದ ಆಪ್ಟಸ್ ಟೆಲಿಕಾಂ ಕಂಪನಿ ಸುಮಾರು 14 ಗಂಟೆ ಬಿತ್ತು. ರೂಟ್‌ಗಳ ಪ್ರವಾಹಕ್ಕೆ ಅಲ್ಲಿನ ರೂಟರ್‌ಗಳು ನೆಟ್‌ವರ್ಕ್‌ನಿಂದ ತಮ್ಮನ್ನು ತಾವೇ ಕಡಿದುಕೊಂಡವು. ಅಲ್ಲೂ ಜನ ಸೈಟ್‌ಗೆ ಹೋಗಿ ರೀಬೂಟ್ ಮಾಡಬೇಕಾಯಿತು. ಕೋರ್ ಸಂಪರ್ಕ ಕಡಿದಾಗ ಟವರ್ ತಾನಾಗಿಯೇ ರೇಡಿಯೊ ನಿಲ್ಲಿಸಬೇಕು, ಆಗ ಫೋನ್‌ಗಳು ಬೇರೆ ನೆಟ್‌ವರ್ಕ್‌ನಿಂದ ತುರ್ತು ಕರೆ ಮಾಡಬಹುದು ಎಂದು ಆಸ್ಟ್ರೇಲಿಯಾ ಸರ್ಕಾರ ಮಾಡಿಸಿದ ಪರಿಶೀಲನೆ ಶಿಫಾರಸು ಮಾಡಿತು.

ಉಪಗ್ರಹವೇ ಯಾಕೆ?

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಟೊರಾಂಟೊ ನಡುಮಧ್ಯದ ಕಟ್ಟಡದಲ್ಲಿರುವ ರೂಟರ್‌ಗೆ ಉಪಗ್ರಹವೇ ಬೇಕೆಂದೇನಿಲ್ಲ. ಬೇರೆ ಕಂಪನಿಯ ಒಂದು ಲೈನ್ ಎಳೆದರೆ ಅಥವಾ ಅವರ 4ಜಿ ಸಿಮ್ ಹಾಕಿದ ಮೋಡೆಮ್ ಇಟ್ಟರೆ ಆ ದಿನದ ಕೆಲಸ ಆಗುತ್ತಿತ್ತು. ಊರಿನೊಳಗೆ ಔಟ್-ಆಫ್-ಬ್ಯಾಂಡ್‌ಗೆ ಹೆಚ್ಚಿನವರು ಮಾಡುವುದೂ ಅದನ್ನೇ. ಅಗ್ಗ, ಸಲೀಸು.

ಊರು ದಾಟಿದಾಗ ಲೆಕ್ಕ ಬದಲಾಗುತ್ತದೆ. ಕೆನಡಾದ ಉತ್ತರಕ್ಕೆ ಹೋದಂತೆ ಜನವಸತಿ ತೆಳ್ಳಗಾಗುತ್ತದೆ. ಹೆದ್ದಾರಿ ಒಂದೇ, ಅದರ ಪಕ್ಕದ ಫೈಬರ್ ಕೇಬಲ್ಲೂ ಒಂದೇ. ಬಿಲ್ ಮೇಲೆ ಯಾರ ಹೆಸರೇ ಇರಲಿ, ಡೇಟಾ ಹೋಗುವುದು ಅದೇ ಗಾಜಿನ ಎಳೆಯಲ್ಲಿ. 2023ರ ಆಗಸ್ಟ್‌ನಲ್ಲಿ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಕಾಡ್ಗಿಚ್ಚು ಎದ್ದು ಫೈಬರ್ ಸುಟ್ಟಾಗ ಹೇ ರಿವರ್ ಮತ್ತು ಸುತ್ತಲಿನ ಊರುಗಳಲ್ಲಿ ಫೋನ್, ಇಂಟರ್ನೆಟ್ ಎರಡೂ ಹೋದವು. ಅದೂ ಊರು ಖಾಲಿಮಾಡಿ ಎಂಬ ಆದೇಶ ಬಂದ ಹೊತ್ತಿನಲ್ಲಿ. ಅಂಥ ಕಡೆ ಎರಡನೇ ಕಂಪನಿಯ ಸಿಮ್ ಇಟ್ಟುಕೊಂಡರೆ ಸುಮ್ನೆ ಸಮಾಧಾನ ಅಷ್ಟೇ. ನೆಲದ ಮೇಲಿನ ಯಾವುದನ್ನೂ ಹಂಚಿಕೊಳ್ಳದ ದಾರಿ ಬೇಕಾದರೆ ಮೇಲೆ ನೋಡಬೇಕು.

ಉಪಗ್ರಹ ಸಂಪರ್ಕ ಹಳೆಯದೇ. ಹಳೆಯ ಸಂಪರ್ಕ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುತ್ತವೆ. ಸಂಕೇತ ಹೋಗಿ ಉತ್ತರ ಬರಲು 600 ಮಿಲಿಸೆಕೆಂಡ್ ಅಥವಾ ಅದಕ್ಕೂ ಜಾಸ್ತಿ ಬೇಕು. ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು ಕೆಳಕಕ್ಷೆಯಲ್ಲಿ, ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಈ ಹೊತ್ತು ಸಾಮಾನ್ಯವಾಗಿ 25ರಿಂದ 60 ಮಿಲಿಸೆಕೆಂಡ್. ಒನ್‌ವೆಬ್ ಎಂಬ ಇನ್ನೊಂದು ಉಪಗ್ರಹ ಜಾಲ ಸುಮಾರು 1,200 ಕಿಲೋಮೀಟರ್ ಎತ್ತರದಲ್ಲಿದೆ. ಅದು ಧ್ರುವಗಳ ಮೇಲೆ ಹಾದುಹೋಗುವುದರಿಂದ ಉತ್ತರದ ತುದಿಗೂ ಸಿಗುತ್ತದೆ. ಅದರ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಕಂತಿನಲ್ಲಿ ಮೇಲೆ ಕಳಿಸಿದ್ದು ನಮ್ಮ ಇಸ್ರೊದ ಎಲ್‌ವಿಎಂ-3 ರಾಕೆಟ್. ಆ ವ್ಯವಹಾರ ನಡೆಸಿದ ನ್ಯೂಸ್ಪೇಸ್ ಇಂಡಿಯಾ ಕಂಪನಿ ಇರುವುದು ಬೆಂಗಳೂರಿನಲ್ಲೇ. ಇನ್ನು ಇರಿಡಿಯಂ ಇದೆ. 780 ಕಿಲೋಮೀಟರ್ ಎತ್ತರದಲ್ಲಿ 66 ಉಪಗ್ರಹಗಳು. ವೇಗ ಕಡಿಮೆ. ಆದರೆ ಅಂಗೈಯಗಲದ ಆಂಟೆನಾ ಸಾಕು. ಉಪಗ್ರಹದಿಂದ ಉಪಗ್ರಹಕ್ಕೇ ಸಂದೇಶ ದಾಟಿಸುವ ವ್ಯವಸ್ಥೆಯೂ ಮೊದಲಿನಿಂದ ಇದೆ.

600 ಮಿಲಿಸೆಕೆಂಡ್ ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅದರಲ್ಲೇನು ಅನ್ನಿಸಬಹುದು. ರೂಟರ್‌ನ ಕಮಾಂಡ್ ಲೈನ್‌ನಲ್ಲಿ ಒತ್ತಿದ ಪ್ರತಿ ಅಕ್ಷರವೂ ಆ ತುದಿಗೆ ಹೋಗಿ, ಅಲ್ಲಿಂದ ವಾಪಸ್ ಬಂದ ಮೇಲೆ ಪರದೆಯ ಮೇಲೆ ಮೂಡುತ್ತದೆ. ನಿದ್ದೆಗೆಟ್ಟು, ಮೇಲಿನವರು ಹಿಂದೆ ನಿಂತು ಕಾಯುತ್ತಿರುವಾಗ, ಬೆರಳಿಗಿಂತ ಅರ್ಧ ಸೆಕೆಂಡ್ ಹಿಂದೆ ಮೂಡುವ ಅಕ್ಷರ ನೋಡಿಕೊಂಡು ಕಮಾಂಡ್ ಹೊಡೆಯುವುದು ತಪ್ಪಿಗೆ ಆಹ್ವಾನ. 40 ಮಿಲಿಸೆಕೆಂಡ್ ಆದರೆ ಪಕ್ಕದ ರೂಮಿನ ರೂಟರ್‌ಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕನ್ಸೋಲ್ ಪೋರ್ಟ್ ಹತ್ತಿರದಿಂದ

ರೂಟರ್‌ನ ಮುಖದಲ್ಲೋ ಬೆನ್ನಲ್ಲೋ ‘ಕನ್ಸೋಲ್’ ಎಂದು ಬರೆದ ಒಂದು ಕಿಂಡಿ ಇರುತ್ತದೆ. ನೋಡಲು ಲ್ಯಾನ್ ಕೇಬಲ್ ಚುಚ್ಚುವ ಕಿಂಡಿಯಂತೆಯೇ ಇರುತ್ತದೆ. ಅದಕ್ಕೆ ಐಪಿ ವಿಳಾಸ ಬೇಡ, ರೂಟಿಂಗ್ ಬೇಡ. ರೂಟರ್ ಅರ್ಧ ಸತ್ತಿದ್ದರೂ, ಬೂಟ್ ಆಗುತ್ತಿರುವಾಗಲೂ, ಅದು ಮಾತಾಡುತ್ತದೆ. ಅದರ ವಾಡಿಕೆಯ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಅಕ್ಷರಕ್ಕೆ ಮುಂದೆ ಹಿಂದೆ ಸೇರಿಸಿ 10 ಬಿಟ್ ಬೇಕು. ಅಲ್ಲಿಗೆ ಸೆಕೆಂಡಿಗೆ 960 ಅಕ್ಷರ. 80 ಅಕ್ಷರದ 24 ಸಾಲಿನ ಪರದೆ ತುಂಬಲು ಎರಡು ಸೆಕೆಂಡ್.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ದುರಸ್ತಿಯ ದಾರಿಗೆ ಬೇಕಾದ ಅಗಲ ತುಂಬಾ ಕಡಿಮೆ. ಸೆಕೆಂಡಿಗೆ ನೂರಾರು ಗಿಗಾಬಿಟ್ ಸಾಗಿಸುವ ರೂಟರ್‌ನ ಜೀವ ಉಳಿಸಲು ಅದರ ಲಕ್ಷದಲ್ಲೊಂದು ಪಾಲೂ ಬೇಡ. 10 ಲಕ್ಷ ಅಕ್ಷರದ ಲಾಗನ್ನು ಕನ್ಸೋಲ್‌ನಿಂದ ಪೂರ್ತಿ ಎಳೆದರೂ 17–18 ನಿಮಿಷದಲ್ಲಿ ಮುಗಿಯುತ್ತದೆ. ರೋಜರ್ಸ್ ತಂಡ ಲಾಗ್ ನೋಡಲು ಕಾದದ್ದು 14 ಗಂಟೆ.

ಜೋಡಣೆಯೂ ದೊಡ್ಡದಲ್ಲ. ರ‍್ಯಾಕ್‌ನಲ್ಲಿ ಒಂದು ಕನ್ಸೋಲ್ ಸರ್ವರ್ ಇಡುತ್ತಾರೆ. ಅದರಿಂದ ಪ್ರತಿ ರೂಟರ್‌ನ ಕನ್ಸೋಲ್ ಕಿಂಡಿಗೂ ಒಂದೊಂದು ಕೇಬಲ್. ಕರೆಂಟ್ ತೆಗೆದು ಹಾಕಲು ರಿಮೋಟ್ ಪವರ್ ಸ್ವಿಚ್ ಕೂಡ ಅದಕ್ಕೇ. ಅಲ್ಲಿಂದ ಒಂದು ಕೇಬಲ್ ಚಾವಣಿ ಮೇಲಿನ ಡಿಶ್‌ಗೆ. ಇಷ್ಟಾದರೆ ರೂಟರ್ ಪೂರ್ತಿ ಗರ ಬಡಿದಂತೆ ನಿಂತಿದ್ದರೂ ನೂರಾರು ಮೈಲಿ ಆಚೆಯಿಂದ ಆಫ್ ಮಾಡಿ ಆನ್ ಮಾಡಬಹುದು, ಅದು ಏಳುವುದನ್ನು ಸಾಲು ಸಾಲಾಗಿ ನೋಡಬಹುದು.

ಹೇಳುವುದಕ್ಕೆ ಸುಲಭ, ಮಾಡುವಾಗ ಕೆಲವು ತೊಡಕು ಎದುರಾಗುತ್ತವೆ. ರೂಟರ್ ರೂಮ್ ಬಹಳ ಕಡೆ ನೆಲಮಾಳಿಗೆಯಲ್ಲಿರುತ್ತದೆ. ಡಿಶ್‌ಗೆ ತೆರೆದ ಆಕಾಶ ಬೇಕು. ನಡುವಿನ ಕೇಬಲ್‌ಗೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಕೆನಡಾದಲ್ಲಿ ಹಿಮ ಬೇರೆ. ಡಿಶ್ ತನ್ನನ್ನೇ ಬಿಸಿಮಾಡಿಕೊಂಡು ಹಿಮ ಕರಗಿಸುತ್ತದೆ, ಅದಕ್ಕೆ ವಿದ್ಯುತ್ ಜಾಸ್ತಿ ಬೇಕು. ಬ್ಯಾಟರಿ ಮೇಲೆ ನಡೆಯುವ ಟವರ್‌ನಲ್ಲಿ ಪ್ರತಿ ವ್ಯಾಟ್‌ಗೂ ಲೆಕ್ಕ ಇರುತ್ತದೆ. ಹಾಗಾಗಿ ಪ್ರತಿ ಟವರ್‌ಗೂ ಒಂದು ಡಿಶ್ ಅನ್ನುವುದು ನನ್ನ ಪ್ರಕಾರ ವಿವೇಕದ ಮಾತಲ್ಲ. ಕೋರ್ ಸೈಟ್‌ಗಳು, ಪ್ರಾದೇಶಿಕ ಕೇಂದ್ರಗಳು, ಒಂದೇ ಫೈಬರ್ ನಂಬಿಕೊಂಡ ದೂರದ ಎಕ್ಸ್‌ಚೇಂಜ್‌ಗಳು, ಇವಕ್ಕೆ ಡಿಶ್ ಇರಲಿ. ಕಾಡಿನ ನಡುವೆ ಬ್ಯಾಟರಿಯ ಮೇಲೆ ನಿಂತ ಪೆಟ್ಟಿಗೆಗೆ ಇರಿಡಿಯಂನಂಥ ತೆಳು ದಾರಿ ಸಾಕು. ‘ಬದುಕಿದ್ದೇನೆ’, ‘ಕರೆಂಟ್ ಹೋಗಿದೆ’, ‘ರೀಬೂಟ್ ಆಗು’ ಎಂಬಷ್ಟು ಮಾತಿಗೆ ಅದೇ ಧಾರಾಳ.

ಜುಲೈ 8ನ್ನು ಮತ್ತೆ ನಡೆಸಿ ನೋಡಿದರೆ

ಕೋರ್ ಸೈಟ್‌ಗಳಲ್ಲೆಲ್ಲ ಇಂಥ ಡಿಶ್ ಮತ್ತು ಕನ್ಸೋಲ್ ಸರ್ವರ್ ಇದ್ದವು ಅಂದುಕೊಳ್ಳಿ. 4.45ಕ್ಕೆ ಕೋರ್ ಬಿತ್ತು. ಅದನ್ನಂತೂ ಉಪಗ್ರಹ ತಡೆಯುತ್ತಿರಲಿಲ್ಲ. ಫಿಲ್ಟರ್ ತೆಗೆದ ತಪ್ಪು, ಮಿತಿ ಹಾಕದ ತಪ್ಪು, ಇಳಿಸಿದ ದರ್ಜೆ, ಎಲ್ಲವೂ ಹಾಗೇ ಇರುತ್ತಿದ್ದವು.

ಬದಲಾಗುತ್ತಿದ್ದದ್ದು ಅದರ ನಂತರದ ಹೊತ್ತು. ನಾಕ್‌ನ ಪರದೆಗಳು ಕಪ್ಪಾದ ಕೂಡಲೇ ಕನ್ಸೋಲ್ ಮೂಲಕ ಒಂದು ಕೋರ್ ರೂಟರ್‌ಗೆ ಹೋಗಬಹುದಿತ್ತು. ಅಲ್ಲಿ ಮೆಮೊರಿ ತುಂಬಿದ ಸಂದೇಶಗಳು ಸಾಲಾಗಿ ಬರುತ್ತಿರುತ್ತಿದ್ದವು. ರೂಟ್‌ಗಳ ಸಂಖ್ಯೆ ಎಂದಿಗಿಂತ ಎಷ್ಟೋ ಪಟ್ಟು ಏರಿದ್ದು ಕಾಣುತ್ತಿತ್ತು. ಇನ್ನೊಂದು ರೂಟರ್ ನೋಡಿದರೂ ಅದೇ ಚಿತ್ರ. ಎರಡು ನಿಮಿಷ ಮೊದಲು ಮಾಡಿದ ಬದಲಾವಣೆಯ ಮೇಲೆ ಅನುಮಾನ ಹೋಗಲು ಇಷ್ಟು ಸಾಕಿತ್ತು. ಆಮೇಲೆ ಡಿಸ್ಟ್ರಿಬ್ಯೂಷನ್ ರೂಟರ್‌ಗೆ ಹೋಗಿ ಹಳೆಯ ಕಾನ್ಫಿಗರೇಷನ್ ಹಾಕುವುದು, ಕೋರ್ ರೂಟರ್‌ಗಳನ್ನು ಒಂದೊಂದಾಗಿ ಎಬ್ಬಿಸುವುದು.

ಎಷ್ಟು ಗಂಟೆ ಉಳಿಯುತ್ತಿತ್ತು ಎಂದು ಸಂಖ್ಯೆ ಹೇಳುವುದು ಸರಿಯಲ್ಲ. ಅಷ್ಟು ದೊಡ್ಡ ನೆಟ್‌ವರ್ಕ್ ಎಬ್ಬಿಸುವುದು ಹಂತ ಹಂತದ ಕೆಲಸ. ಅವಸರ ಮಾಡಿದರೆ ಮತ್ತೆ ಬೀಳುತ್ತದೆ. ಆದರೆ 26 ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋದದ್ದು ಕಾರಣ ಹುಡುಕುವುದಕ್ಕೆ. ಆ ಭಾಗವನ್ನು ಬೇರೆ ದಾರಿಯೊಂದು ತುಂಬಾ ಚಿಕ್ಕದು ಮಾಡುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 911 ಸಿಗದೆ ಕೂತಿದ್ದ ಮನೆಗಳಿಗೆ ಆ ಗಂಟೆಗಳ ಬೆಲೆ ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಡಿಶ್ ಇದ್ದರೂ ಸಿಕ್ಕಿಹಾಕಿಕೊಳ್ಳುವ ಜಾಗಗಳು

ಡಿಶ್ ತಂದು ಚಾವಣಿಗೆ ಹಾಕಿದ ಮಾತ್ರಕ್ಕೆ ಬೇರೆ ದಾರಿ ಸಿದ್ಧವಾಗುವುದಿಲ್ಲ. ಹಳೆಯ ನೆಟ್‌ವರ್ಕ್ ಮೇಲಿನ ಅವಲಂಬನೆ ಎಲ್ಲೆಲ್ಲೋ ಅಡಗಿರುತ್ತದೆ.

ಲಾಗಿನ್ನನ್ನೇ ತೆಗೆದುಕೊಳ್ಳಿ. ರೂಟರ್‌ಗೆ ಯಾರು ಲಾಗಿನ್ ಆಗಬಹುದು ಎಂದು ತೀರ್ಮಾನಿಸುವ ಸರ್ವರ್ ಕಂಪನಿಯ ಡೇಟಾ ಸೆಂಟರ್‌ನಲ್ಲಿರುತ್ತದೆ. ಕೋರ್ ಬಿದ್ದರೆ ರೂಟರ್‌ಗೆ ಆ ಸರ್ವರ್ ಸಿಗುವುದಿಲ್ಲ. ಕನ್ಸೋಲ್ ತನಕ ಹೋಗಿ, ಪಾಸ್‌ವರ್ಡ್ ಕೊಟ್ಟು, ಹೊರಗೇ ನಿಲ್ಲಬೇಕಾಗುತ್ತದೆ. ಅದಕ್ಕೇ ಪ್ರತಿ ಪೆಟ್ಟಿಗೆಯಲ್ಲೂ ತುರ್ತಿಗೆಂದು ಒಂದು ಸ್ಥಳೀಯ ಖಾತೆ ಬೇಕು. ಅದರ ಪಾಸ್‌ವರ್ಡ್ ಆ ನೆಟ್‌ವರ್ಕ್ ಇಲ್ಲದೆಯೂ ಸಿಗುವ ಜಾಗದಲ್ಲಿರಬೇಕು. ಇನ್ನು ಒಟಿಪಿ. ಎಂಜಿನಿಯರ್‌ನ ಒಟಿಪಿ ಬರುವುದು ಅವರ ಫೋನಿಗೆ, ಫೋನಿನ ಸಿಮ್ ಅದೇ ಕಂಪನಿಯದ್ದು. ಮುಗಿಯಿತು. ಎಸ್‌ಎಂಎಸ್ ಬಿಟ್ಟು ಕೈಯಲ್ಲಿ ಹಿಡಿಯುವ ಸೆಕ್ಯುರಿಟಿ ಕೀ ಕೊಡುವುದು ಒಳ್ಳೆಯದು.

ಸ್ಟಾರ್‌ಲಿಂಕ್‌ನ ಸಾಮಾನ್ಯ ಪ್ಲಾನ್‌ನಲ್ಲಿ ಡಿಶ್‌ಗೆ ಹೊರಗಿನಿಂದ ತಲುಪಬಹುದಾದ ಸ್ವಂತ ಐಪಿ ವಿಳಾಸ ಸಿಗುವುದಿಲ್ಲ. ಬಹಳಷ್ಟು ಗ್ರಾಹಕರು ಒಂದೇ ವಿಳಾಸ ಹಂಚಿಕೊಳ್ಳುತ್ತಾರೆ. ಹಾಗಾಗಿ ಸೈಟ್‌ನಲ್ಲಿರುವ ಪೆಟ್ಟಿಗೆಯೇ ಹೊರಗಿನ ಒಂದು ಹಬ್‌ಗೆ ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ಒಂದು ಖಾಸಗಿ ಸುರಂಗ, ಕಟ್ಟಿ ಕಾಯುತ್ತಿರಬೇಕು. ಆ ಹಬ್ ಎಲ್ಲಿಡುತ್ತೀರಿ? ನಮ್ಮದೇ ಡೇಟಾ ಸೆಂಟರ್ ಇದೆಯಲ್ಲ ಎಂದು ಅಲ್ಲೇ ಇಟ್ಟರೆ ಕಥೆ ಮತ್ತೆ ಮೊದಲಿಗೆ ಬರುತ್ತದೆ.

ಉಪಗ್ರಹದ ದಾರಿಯೂ ಕೊನೆಗೆ ನೆಲಕ್ಕೆ ಇಳಿಯಬೇಕು. ಡಿಶ್‌ನಿಂದ ಉಪಗ್ರಹಕ್ಕೆ, ಅಲ್ಲಿಂದ ಗೇಟ್‌ವೇ ಎನ್ನುವ ನೆಲದ ಕೇಂದ್ರಕ್ಕೆ, ಅಲ್ಲಿಂದ ಫೈಬರ್‌ನಲ್ಲಿ ಇಂಟರ್ನೆಟ್‌ಗೆ. ಆ ಫೈಬರ್ ಯಾರದ್ದು ಎಂದು ಕೇಳುವವರು ಕಡಿಮೆ. ಲೇಸರ್ ಲಿಂಕ್ ಇರುವ ಉಪಗ್ರಹಗಳು ದೂರದ ಇನ್ನೊಂದು ಗೇಟ್‌ವೇಗೆ ದಾಟಿಸಬಲ್ಲವು, ಅದರಿಂದ ಅಪಾಯ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಾಲವೇ ಸುಮಾರು ಎರಡೂವರೆ ಗಂಟೆ ನಿಂತಿತ್ತು. ಉಪಗ್ರಹಗಳೆಲ್ಲ ಮೇಲೆ ಚೆನ್ನಾಗಿಯೇ ಇದ್ದವು. ಕೈಕೊಟ್ಟದ್ದು ಕೋರ್ ನೆಟ್‌ವರ್ಕ್ ನಡೆಸುವ ಒಳಗಿನ ಸಾಫ್ಟ್‌ವೇರ್. ರೋಜರ್ಸ್‌ಗೆ ಬಂದ ಕಾಯಿಲೆಯ ಹತ್ತಿರದ ಸಂಬಂಧಿ. ಇಬ್ಬರೂ ಒಂದೇ ಹೊತ್ತಿಗೆ ಬೀಳುವ ಸಾಧ್ಯತೆ ತೀರಾ ಕಡಿಮೆ, ಅದೇ ನಮ್ಮ ಬಲ. ಆದರೆ ಬದಲಾವಣೆ ಮಾಡುವ ರಾತ್ರಿ ಬೇರೆ ದಾರಿ ತೆರೆದಿದೆಯೇ ಎಂದು ನೋಡದೆ ಕೆಲಸ ಶುರುಮಾಡಬಾರದು.

ಭದ್ರತೆಯ ವಿಷಯ ನನಗೆ ಎಲ್ಲಕ್ಕಿಂತ ಭಾರವಾದದ್ದು. ದುರಸ್ತಿಯ ದಾರಿ ಎಲ್ಲ ರೂಟರ್‌ಗಳ ಒಳಗೂ ಹೋಗುತ್ತದೆ. ಒಳ್ಳೆಯವರಿಗೆ ಸಿಕ್ಕಿದ್ದು ಕೆಟ್ಟವರಿಗೂ ಸಿಗಬಹುದು. 2022ರ ಫೆಬ್ರುವರಿ 24, ರಷ್ಯಾ ಉಕ್ರೇನ್ ಮೇಲೆ ದಾಳಿ ಶುರುಮಾಡಿದ ದಿನ. ವಯಾಸ್ಯಾಟ್‌ನ ಕೆಎ-ಸ್ಯಾಟ್ ಎಂಬ ಭೂಸ್ಥಿರ ಉಪಗ್ರಹ ಜಾಲಕ್ಕೆ ದಾಳಿಕೋರರು ನುಗ್ಗಿದರು. ಸರಿಯಾಗಿ ಹೊಂದಿಸದ ಒಂದು ವಿಪಿಎನ್ ಉಪಕರಣದ ಮೂಲಕ ಮ್ಯಾನೇಜ್‌ಮೆಂಟ್ ಜಾಲಕ್ಕೆ ಸೇರಿಕೊಂಡು, ಅಲ್ಲಿಂದ ಮೋಡೆಮ್‌ಗಳಿಗೆ ಅಧಿಕೃತ ಕಮಾಂಡ್‌ಗಳನ್ನೇ ಕಳಿಸಿ ಅವುಗಳ ಮೆಮೊರಿ ಅಳಿಸಿಹಾಕಿದರು. ಹತ್ತಾರು ಸಾವಿರ ಮೋಡೆಮ್‌ಗಳು ಕೆಲಸಕ್ಕೆ ಬಾರದಂತಾದವು. ಜರ್ಮನಿಯ ಎನರ್ಕಾನ್ ಕಂಪನಿಯ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡುತ್ತಿದ್ದದ್ದು ಇದೇ ಉಪಗ್ರಹದ ಮೂಲಕ. ಯಂತ್ರಗಳು ತಿರುಗುತ್ತಲೇ ಇದ್ದವು, ಕರೆಂಟ್ ಕೊಡುತ್ತಲೇ ಇದ್ದವು. ಅವುಗಳ ಸ್ಥಿತಿ ನೋಡಲು, ರೀಸೆಟ್ ಮಾಡಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ನಿರ್ವಹಣೆಗೆ ಉಪಗ್ರಹ ಬಳಸುವ ಯಾರೇ ಆಗಲಿ ಈ ಘಟನೆಯನ್ನು ಒಮ್ಮೆ ಪೂರ್ತಿ ಓದಬೇಕು. ಬೇರೆ ದಾರಿಗೂ ಮುಖ್ಯ ದಾರಿಯಷ್ಟೇ ಕಾವಲು ಬೇಕು, ಹೊಸ ಪ್ಯಾಚ್ ಬೇಕು, ಯಾರು ಬಂದರು ಹೋದರು ಎಂಬ ದಾಖಲೆ ಬೇಕು.

ಆಮೇಲೆ ರೋಜರ್ಸ್ ಮಾಡಿದ್ದು

ಗ್ರಾಹಕರಿಗೆ ಐದು ದಿನದ ಬಿಲ್ ಮನ್ನಾ ಆಯಿತು. ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು ಬದಲಾದರು. ಮೊಬೈಲ್ ಮತ್ತು ಮನೆಯ ಲೈನ್‌ಗಳ ಕೋರ್ ಬೇರೆ ಬೇರೆ ಮಾಡುತ್ತೇವೆ ಎಂದು ಮುಖ್ಯಾಧಿಕಾರಿ ಟೋನಿ ಸ್ಟಫೇರಿ ಘೋಷಿಸಿದರು. ಕೆನಡಾದ ಕೇಂದ್ರ ಸಚಿವರಾಗಿದ್ದ ಫ್ರಾಂಸ್ವಾ-ಫಿಲಿಪ್ ಶಾಂಪೇನ್ ಒತ್ತಾಯದ ಮೇಲೆ, ಒಂದು ಕಂಪನಿ ಬಿದ್ದರೆ ಮಿಕ್ಕವರು ಕೈಹಿಡಿಯುವ ಒಪ್ಪಂದಕ್ಕೆ ದೊಡ್ಡ ಟೆಲಿಕಾಂ ಕಂಪನಿಗಳು 2022ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದವು. ಮ್ಯಾನೇಜ್‌ಮೆಂಟ್ ನೆಟ್‌ವರ್ಕನ್ನು ಕೋರ್‌ನಿಂದ ಬೇರ್ಪಡಿಸುವ ಕೆಲಸವನ್ನೂ ರೋಜರ್ಸ್ ಕೈಗೆತ್ತಿಕೊಂಡಿತು. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಸುದ್ದಿಯಾದದ್ದೂ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

2023ರ ಏಪ್ರಿಲ್‌ನಲ್ಲಿ ರೋಜರ್ಸ್ ಸ್ಪೇಸ್‌ಎಕ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಜುಲೈನಲ್ಲಿ ‘ರೋಜರ್ಸ್ ಸ್ಯಾಟಲೈಟ್’ ಎಂಬ ಸೇವೆ ಪ್ರಾಯೋಗಿಕವಾಗಿ ಶುರುವಾಯಿತು. ಟವರ್ ಇಲ್ಲದ ಕಡೆ ಮಾಮೂಲಿ ಫೋನಿನಿಂದಲೇ ಉಪಗ್ರಹದ ಮೂಲಕ ಮೆಸೇಜ್ ಕಳಿಸಬಹುದು. ಕಾಡುಮೇಡಿನಲ್ಲಿ ಸಿಕ್ಕಿಕೊಂಡವರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಇದನ್ನು ನೋಡಿ ‘ಇನ್ನು ರೋಜರ್ಸ್ ಬಿದ್ದರೂ ಪರವಾಗಿಲ್ಲ, ಉಪಗ್ರಹ ಇದೆಯಲ್ಲ’ ಎಂದು ಅಂದುಕೊಳ್ಳುವವರಿದ್ದಾರೆ. ಈ ಸೇವೆಯಲ್ಲಿ ಉಪಗ್ರಹ ಮಾಡುವುದು ಟವರ್‌ನ ಕೆಲಸ. ಈ ಫೋನ್ ನಮ್ಮ ಗ್ರಾಹಕರದ್ದೇ ಹೌದಾ ಎಂದು ನೋಡುವುದು, ಮೆಸೇಜನ್ನು ಸೇರಬೇಕಾದಲ್ಲಿಗೆ ಸೇರಿಸುವುದು ಮತ್ತೆ ಕಂಪನಿಯ ಕೋರ್. 2022ರ ಜುಲೈ 8ರಂದು ಈ ಸೇವೆ ಇದ್ದಿದ್ದರೂ, ಗ್ರಾಹಕರ ಡೇಟಾಬೇಸ್ ಸಿಗದೆ ಅದೂ ಆ 26 ಗಂಟೆ ನಿಂತೇ ಇರುತ್ತಿತ್ತು.